ಮೊದಲ ಕೋವಿಯ ಆಯ್ಕೆ: ಒಂದು ವೈಜ್ಞಾನಿಕ ಚರಿತ್ರೆ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೀವು ನೋಡಿರಬಹುದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಯ ಸೂರಿನಡಿಯ ಮದನಿಕೆಯರಲ್ಲಿ ಒಬ್ಬಳು ಬಿಲ್ಲೆತ್ತಿ ಹಕ್ಕಿಗೆ ಗುರಿಯಿಟ್ಟು ನಿಂತಿದ್ದಾಳೆ. ಅಲ್ಲಿಂದ ಸುಮಾರು 16 ಕಿ.ಮೀ. ದೂರದ ಹಳೇಬೀಡು ಹೊಯ್ಸಳರ ರಾಜಧಾನಿಯಾಗಿತ್ತು. ಆ ವಂಶದ ಲಾಂಛನವೇ ಮೇಲೆರಗಿದ ಹುಲಿಯನ್ನು ಎದುರಿಸುತ್ತಿರುವ ಸಳ. ಅವನು ಹುಲಿಯನ್ನು ಕೊಂದದ್ದು ಕೈಗೆ ಸಿಕ್ಕ ಸಲಾಕೆಯಿಂದ ಎಂದು ಐತಿಹ್ಯ ಹೇಳುತ್ತದೆ.

ಈ ಎರಡು ಶಿಲ್ಪಗಳನ್ನು ಒಟ್ಟಿಗೆ ನೋಡಿದರೆ ಬೇಟೆಯ ಆಯುಧಗಳ ಚರಿತ್ರೆಯ ಮುಖ್ಯ ಪ್ರಶ್ನೆ ಎದುರಾಗುತ್ತದೆ. ಪ್ರಾಣಿಯಿಂದ ಎಷ್ಟು ದೂರದಲ್ಲಿ ನಿಂತು ಅದನ್ನು ಖಚಿತವಾಗಿ ಹೊಡೆಯಬಹುದು? ಸಲಾಕೆಗೆ ಒಂದು ಮಾರು, ಬಿಲ್ಲಿಗೆ ಕೆಲವು ಹತ್ತು ಮೀಟರ್, ರೈಫಲ್‌ಗೆ ಇನ್ನೂರು ಮೀಟರಿಗೂ ಹೆಚ್ಚು. ಹೀಗೆ ದೂರ ಹೆಚ್ಚಿದಂತೆ ಆಯುಧದ ಬೆಲೆಯೂ ಹೆಚ್ಚುತ್ತ ಹೋಯಿತು. ಆದ್ದರಿಂದ ಅರಸೀಕೆರೆಯ ಕುರುಚಲು ಗುಡ್ಡಗಳಲ್ಲಾಗಲಿ, ಬೇಲೂರಿನಾಚೆಯ ಮಲೆನಾಡಿನಲ್ಲಾಗಲಿ, ಹೊಸದಾಗಿ ಕೋವಿ ಹಿಡಿಯುವವನಿಗೆ ಕೈಗೆಟುಕುವ ಕೋವಿ ಯಾವುದು ಎಂಬುದು ಹಣದ ಲೆಕ್ಕ ಮಾತ್ರವಾಗಿರಲಿಲ್ಲ. ಅದು ಭೌತಶಾಸ್ತ್ರದ ಲೆಕ್ಕವೂ ಆಗಿತ್ತು. ಲೆಕ್ಕ ತಪ್ಪಿದಾಗ ಅದರ ಬೆಲೆಯನ್ನು ಮೊದಲು ಪ್ರಾಣಿ, ಆಮೇಲೆ ಮನುಷ್ಯ ತೆರಬೇಕಾಗುತ್ತಿತ್ತು. ಈ ಲೇಖನದ ವಿಷಯ ಅದೇ.

ಬಾಣದ ಗರಿ

ಮೊದಲು ಬಾಣವನ್ನೇ ತೆಗೆದುಕೊಳ್ಳೋಣ. 30 ಗ್ರಾಂ ದ್ರವ್ಯರಾಶಿಯ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟಿತೆಂದಿಟ್ಟುಕೊಳ್ಳಿ. ಚಲನಶಕ್ತಿ = 1/2 × ದ್ರವ್ಯರಾಶಿ × (ವೇಗ)². ಅಂದರೆ 37.5 ಜೂಲ್. ಶಕ್ತಿ ಕಡಿಮೆಯಾದರೂ ಬಾಣ ನೆಟ್ಟಗೆ ಹೋಗುತ್ತದೆ. ಅದಕ್ಕೆ ಕಾರಣ ಹಿಂಬದಿಯ ಗರಿ. ಬಾಣ ಓರೆಯಾದ ಕೂಡಲೇ ಗರಿಗಳ ಮೇಲೆ ಗಾಳಿಯ ಒತ್ತಡ ಬಿದ್ದು ಅದನ್ನು ಮತ್ತೆ ನೇರಕ್ಕೆ ತರುತ್ತದೆ.

ಮುಂದೆ ಬಂದ ಕೋವಿಯಲ್ಲಿ ಶಕ್ತಿ ಹಲವು ಪಟ್ಟು ಹೆಚ್ಚಾಯಿತು, ಗರಿ ಮಾಯವಾಯಿತು. ಗುಂಡು ಎಂದರೆ ಸೀಸದ ಒಂದು ಉಂಡೆ. ಅದನ್ನು ನೇರವಾಗಿ ಕಳಿಸುವುದು ಹೇಗೆ ಎಂಬುದೇ ಮುಂದಿನ ಹಲವು ಶತಮಾನಗಳ ಸಮಸ್ಯೆಯಾಯಿತು.

ಕೇಪಿನ ಕೋವಿ: ಬಡವನ ಆಯ್ಕೆ

ಹದಿನೆಂಟನೆಯ ಶತಮಾನದ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಕೋವಿ ಮತ್ತು ಮದ್ದು ಎರಡೂ ಸಾಕಷ್ಟು ಬಳಕೆಯಲ್ಲಿದ್ದವು. ಹಾಸನ ಜಿಲ್ಲೆಯ ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಪೂರ್ಣಗೊಂಡ ಮಂಜರಾಬಾದ್ ಕೋಟೆಗೆ ಹೋದರೆ ಮದ್ದಿನ ನೆಲಮಾಳಿಗೆಗಳನ್ನು ಈಗಲೂ ನೋಡಬಹುದು. ಮಲೆನಾಡಿನ ಮಳೆಯಲ್ಲಿ ಮದ್ದನ್ನು ಒಣಗಿಸಿ ಇಟ್ಟುಕೊಳ್ಳುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂಬುದಕ್ಕೆ ಅವು ಸಾಕ್ಷಿ.

ಆ ಕಾಲದ ಕೋವಿಗಳು ಚಕಮಕಿ ಕಲ್ಲಿನವು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ, ಹೊರಗಿನ ಬಟ್ಟಲಲ್ಲಿದ್ದ ಚಿಟಿಕೆ ಮದ್ದು ಹೊತ್ತಿ, ಆ ಉರಿ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ತಲುಪಬೇಕು. ಮಳೆ ಬಂದರೆ ಬಟ್ಟಲು ನೆನೆಯುತ್ತಿತ್ತು. ಇನ್ನೊಂದು ತೊಂದರೆಯೂ ಇತ್ತು. ಬಟ್ಟಲಿನ ಬೆಳಕು ಕಂಡ ಕ್ಷಣ ಹಕ್ಕಿ ಹಾರಿಬಿಡುತ್ತಿತ್ತು. ಈ ತೊಂದರೆಗೆ ಪರಿಹಾರ ಹುಡುಕಿದವರು ಸೈನಿಕರಲ್ಲ. ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಬಾತುಕೋಳಿ ಬೇಟೆಯ ಹವ್ಯಾಸದವರು. ಎಡ್ವರ್ಡ್ ಹೊವಾರ್ಡ್ 1800ರಲ್ಲಿ ವಿವರಿಸಿದ್ದ ಪಾದರಸದ ಫಲ್ಮಿನೇಟ್‌ನಂಥ, ಬಡಿದರೆ ಸಿಡಿಯುವ ರಾಸಾಯನಿಕಗಳನ್ನು ಬಳಸಿ ಮದ್ದನ್ನು ಹೊತ್ತಿಸುವ ವಿಧಾನಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೊಪ್ಪಿಗೆಯಲ್ಲಿ ಇಡುವ ಕ್ರಮ ಬಂತು. ಅದೇ ನಮ್ಮ ಹಳ್ಳಿಗರು ಹೇಳುವ ಕೇಪು.

ಕೇಪಿನ ಕೋವಿ ನಮ್ಮ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಉಳಿದದ್ದೇಕೆ? ಉತ್ತರ ಸರಳ. ಅದು ಅಗ್ಗ. ನಳಿಗೆಯ ಒಳಭಾಗ ನುಣುಪಾದ ಕೊಳವೆ, ಅಷ್ಟೆ. ಕೆಟ್ಟರೆ ಊರ ಕಮ್ಮಾರ ಸರಿಮಾಡಬಲ್ಲ. ಮದ್ದು, ಬಟ್ಟೆಯ ತುಂಡು, ಚರೆ ಎಲ್ಲವನ್ನೂ ಬಾಯಿಯಿಂದ ಹಾಕಿ ಕಡ್ಡಿಯಿಂದ ಜಡಿದರೆ ಈಡು ಸಿದ್ಧ. ಅಂಗಡಿಯ ತೋಟಾ ಬೇಕಿಲ್ಲ.

ಅದರ ಕೊರತೆಗಳೂ ಅಷ್ಟೇ ಸ್ಪಷ್ಟ. ಒಂದು ಈಡಾದ ಮೇಲೆ ಇನ್ನೊಂದಕ್ಕೆ ಒಂದು ನಿಮಿಷವಾದರೂ ಹಿಡಿಯುತ್ತದೆ. ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕದ ಕಪ್ಪು ಮದ್ದು ಉರಿದಾಗ ಅದರ ದ್ರವ್ಯರಾಶಿಯ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಸ್ತುವಾಗಿ ಉಳಿಯುತ್ತದೆ. ದಟ್ಟ ಬಿಳಿ ಹೊಗೆಯಾಗಿ ಕಾಣುವುದೂ, ನಳಿಗೆಯೊಳಗೆ ಕಿಟ್ಟವಾಗಿ ಕೂರುವುದೂ ಅದೇ. ಈ ಕಿಟ್ಟ ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದ್ದರಿಂದಲೇ ಇಂಥ ಕೋವಿಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚರೆ ಹಾಕಿದ ಕೇಪಿನ ಕೋವಿ ಮೂವತ್ತು ಮೀಟರಿನಾಚೆ ನಂಬಿಕೆಗೆ ಅರ್ಹವಲ್ಲ.

ಹನ್ನೆರಡು ಬೋರು ಎಂದರೇನು?

ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಇದ್ದದ್ದು ತೋಟಾ ಕೋವಿ, ಒಂಟಿ ನಳಿಗೆಯದು ಅಥವಾ ಜೋಡು ನಳಿಗೆಯದು. ಮದ್ದು, ಚರೆ, ಕೇಪು ಮೂರೂ ಒಂದೇ ತೋಟಾದಲ್ಲಿ ಅಡಕವಾಗಿದ್ದು ಹಿಂಬದಿಯಿಂದ ತುಂಬುವ ವ್ಯವಸ್ಥೆ. ಇದನ್ನು ಸಾಮಾನ್ಯವಾಗಿ 'ಹನ್ನೆರಡು ಬೋರು' ಎನ್ನುತ್ತಾರೆ. ಹನ್ನೆರಡು ಏನು? ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂದು ಅರ್ಥ.

ಇದನ್ನು ತರಗತಿಯಲ್ಲಿ ಲೆಕ್ಕ ಮಾಡಿಸಬಹುದು. ಒಂದು ಪೌಂಡ್ 453.6 ಗ್ರಾಂ. ಹನ್ನೆರಡರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ. ಆದ್ದರಿಂದ ಉಂಡೆಯ ಗಾತ್ರ 3.33 ಘನ ಸೆಂ.ಮೀ. ಗೋಳದ ಗಾತ್ರದ ಸೂತ್ರದಿಂದ ವ್ಯಾಸ ಸುಮಾರು 18.5 ಮಿ.ಮೀ. ಎಂದು ಬರುತ್ತದೆ. ಹನ್ನೆರಡು ಬೋರಿನ ನಳಿಗೆಯ ಒಳವ್ಯಾಸ ಅದೇ. ಹದಿನಾರು ಬೋರಿನ ನಳಿಗೆ ಇದಕ್ಕಿಂತ ಸಣ್ಣದೇಕೆ ಎಂಬುದು ವಿದ್ಯಾರ್ಥಿಗಳಿಗೆ ಈಗ ತಾನಾಗಿ ತಿಳಿಯುತ್ತದೆ.

ಹೊಸಬನಿಗೆ ಈ ಕೋವಿ ಸೂಕ್ತವೆನಿಸಿದ್ದೇಕೆ? ತೋಟಾ ಬದಲಿಸಿದರೆ ಸಾಕು, ಸಣ್ಣ ಚರೆಯಿಂದ ಕಾಡುಕೋಳಿ, ದಪ್ಪ ಚರೆಯಿಂದ ಹಂದಿ. ಆದರೆ ಶಕ್ತಿಯ ಹಂಚಿಕೆಯನ್ನು ಗಮನಿಸಿ. 32 ಗ್ರಾಂ ಚರೆ ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಹೊರಟರೆ ಒಟ್ಟು ಚಲನಶಕ್ತಿ ಸುಮಾರು 2300 ಜೂಲ್. ಬಾಣದ ಅರವತ್ತು ಪಟ್ಟು! ಆದರೆ ಅದು ಹಲವು ಚರೆಗಳಲ್ಲಿ ಹಂಚಿಹೋಗಿರುತ್ತದೆ. ಔನ್ಸಿಗೆ ಎಂಟು ತೂಗುವ ದಪ್ಪ ಚರೆ ಒಂದೊಂದಕ್ಕೂ ಸುಮಾರು 3.5 ಗ್ರಾಂ, ಅಂದರೆ 250 ಜೂಲ್ ಮಾತ್ರ. ದೂರ ಹೆಚ್ಚಿದಂತೆ ಚರೆ ಹರಡಿಕೊಳ್ಳುತ್ತದೆ, ಗಾಳಿಯ ತಡೆಯಿಂದ ವೇಗವೂ ಇಳಿಯುತ್ತದೆ. ನಲವತ್ತು ಮೀಟರಿನಾಚೆ ಎರಡು ಚರೆ ತಗುಲಿದ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ.

ನಳಿಗೆಯೊಳಗಿನ ಸುರುಳಿ

ರೈಫಲ್ ಮತ್ತು ಉಳಿದ ಕೋವಿಗಳ ನಡುವಿನ ವ್ಯತ್ಯಾಸ ಇರುವುದು ನಳಿಗೆಯ ಒಳಗೆ. ರೈಫಲ್‌ನ ನಳಿಗೆಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಯೂರೋಪಿನ ಕುಶಲಕರ್ಮಿಗಳು ಸುಮಾರು 1500ರ ವೇಳೆಗೇ ಇಂಥ ನಳಿಗೆಗಳನ್ನು ಮಾಡುತ್ತಿದ್ದರೂ ಅವು ಏಕೆ ನೆಟ್ಟಗೆ ಹೊಡೆಯುತ್ತವೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಗುಂಡಿನ ಚಲನೆಯ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಲೋಲಕ ಅವರ ಕೊಡುಗೆ. ಸಂವೇಗ ಸಂರಕ್ಷಣೆಯ ಪಾಠದಲ್ಲಿ ನೀವು ಅದನ್ನು ಓದಿರುತ್ತೀರಿ.

ನುಣುಪು ನಳಿಗೆಯಲ್ಲಿ ಉಂಡೆ ಗೋಡೆಗೆ ತಾಕುತ್ತ ಬರುತ್ತದೆ. ಹೊರಡುವಾಗ ಯಾವುದೋ ಒಂದು ದಿಕ್ಕಿಗೆ ತಿರುಗುತ್ತಿರುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಬಾಗುವಂತೆ ಈ ಗುಂಡೂ ಬಾಗುತ್ತದೆ. ಎತ್ತ ಬಾಗುವುದೆಂದು ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಸುರುಳಿ ತೋಡುಗಳು ಗುಂಡನ್ನು ಅದು ಸಾಗುವ ದಿಕ್ಕನ್ನೇ ಅಕ್ಷವಾಗಿಸಿಕೊಂಡು ತಿರುಗುವಂತೆ ಮಾಡುತ್ತವೆ. ತಿರುಗುವ ಬುಗುರಿ ಹೇಗೆ ಬೀಳದೆ ನಿಲ್ಲುತ್ತದೋ ಹಾಗೆ, ಕೋನೀಯ ಸಂವೇಗ ಹೊಂದಿದ ಗುಂಡು ತನ್ನ ಅಕ್ಷವನ್ನು ಬಿಟ್ಟುಕೊಡುವುದಿಲ್ಲ. ಬಾಣಕ್ಕೆ ಗರಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಿರುಗುವಿಕೆ ಮಾಡುತ್ತದೆ.

ಈ ತಿರುಗುವಿಕೆ ಎಷ್ಟು ಎಂದು ನೋಡಿ. ಹಿಂದೆ ಸೈನ್ಯ, ಪೊಲೀಸರ ಕೈಯಲ್ಲಿ ಎಲ್ಲೆಡೆ ಕಾಣುತ್ತಿದ್ದ .303 ರೈಫಲ್‌ನ ನಳಿಗೆಯಲ್ಲಿ ತೋಡು 10 ಅಂಗುಲಕ್ಕೆ, ಅಂದರೆ 25.4 ಸೆಂ.ಮೀ.ಗೆ, ಒಂದು ಪೂರ್ತಿ ಸುತ್ತು ಹಾಕುತ್ತದೆ. ಗುಂಡು ಸೆಕೆಂಡಿಗೆ 744 ಮೀಟರ್ ವೇಗದಲ್ಲಿ ಹೊರಟರೆ ಸೆಕೆಂಡಿಗೆ 2900ಕ್ಕೂ ಹೆಚ್ಚು ಸುತ್ತು! ಆ 11.3 ಗ್ರಾಂ ಗುಂಡಿನ ಚಲನಶಕ್ತಿ ಸುಮಾರು 3100 ಜೂಲ್. ಅಷ್ಟೂ ಒಂದೇ ಬಿಂದುವಿಗೆ ತಲುಪುತ್ತದೆ.

ಇಂಥ ನಳಿಗೆಯನ್ನು ಊರ ಕಮ್ಮಾರ ಮಾಡಲಾರ. ಪ್ರತಿ ತೋಡೂ ಒಂದೇ ಆಳ, ಒಂದೇ ತಿರುವು ಇರಬೇಕು. ಅದಕ್ಕೆ ವಿಶೇಷ ಯಂತ್ರ, ಉತ್ತಮ ಉಕ್ಕು ಬೇಕು. ಗುಂಡಿನ ಅಳತೆಯೂ ನಳಿಗೆಗೆ ಕರಾರುವಾಕ್ಕಾಗಿ ಹೊಂದಬೇಕು. ರೈಫಲ್ ದುಬಾರಿಯಾದದ್ದು ಈ ಕಾರಣಕ್ಕೆ.

ಇದರ ಮೇಲೆ ಸರ್ಕಾರದ ಅಂಕುಶ ಬೇರೆ. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ರೈಫಲ್‌ನ ಅಳತೆ .450 ಅಂಗುಲ. ಬೇಟೆಗಾರರಿಗೆಂದು ಬಂದ .450 ಅಳತೆಯ ಮದ್ದುಗುಂಡು ಬಂಡಾಯಗಾರರ ಕೈ ಸೇರೀತೆಂಬ ಭಯದಿಂದ ಬ್ರಿಟಿಷರು 1907ರಲ್ಲಿ ಆ ಅಳತೆಯನ್ನು ಭಾರತದಲ್ಲಿ ನಿಷೇಧಿಸಿದರು. ಕೂಡಲೇ ಇಂಗ್ಲೆಂಡಿನ ಕೋವಿ ತಯಾರಕರು .465, .470 ಎಂದು ಹೊಸ ಅಳತೆಗಳನ್ನು ತಂದರು! ಮುಂದೆ ಭಾರತದಲ್ಲೇ, ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ, ಸೈನ್ಯದ ಅಳತೆಗೆ ಸೇರದ .315 ರೈಫಲ್ ತಯಾರಾಗತೊಡಗಿತು. ಸ್ವಾತಂತ್ರ್ಯಾನಂತರ ಸಾಧಾರಣ ಪರವಾನಗಿದಾರನಿಗೆ ದೊರೆಯುವ ರೈಫಲ್ ಎಂದರೆ ಬಹುಮಟ್ಟಿಗೆ ಇದೇ ಆಯಿತು.

ಅರಸೀಕೆರೆಯ ಕರಡಿ

ದುಬಾರಿ ರೈಫಲ್ ಹಿಡಿದು ಈ ಸೀಮೆಗೆ ಬಂದವರಲ್ಲಿ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ (1910–1974) ಒಬ್ಬರು. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಕನ್ನಡ ಓದುಗರಿಗೆ ಅವರು ಚೆನ್ನಾಗಿ ಪರಿಚಿತರು. 1957ರ ಪುಸ್ತಕವೊಂದರಲ್ಲಿ ಅವರು ಅರಸೀಕೆರೆಯ ಪೂರ್ವಕ್ಕಿರುವ ಗುಡ್ಡಗಳ ಕರಡಿಯೊಂದರ ಕಥೆ ಬರೆದಿದ್ದಾರೆ. ಮನುಷ್ಯರ ಮೇಲೆ ಬೀಳುತ್ತಿದ್ದ ಈ ಕರಡಿ, ದರ್ಗಾವೊಂದನ್ನು ನೋಡಿಕೊಳ್ಳುತ್ತಿದ್ದ ಮುದುಕನ ಮಗನನ್ನು ಕೊಂದಿತು. ಕೊನೆಗೆ ಆ್ಯಂಡರ್ಸನ್ ಅವರ ಗುಂಡಿಗೆ ಬಲಿಯಾಯಿತು.

ಆ್ಯಂಡರ್ಸನ್ ಬಳಸುತ್ತಿದ್ದುದು ಅಮೆರಿಕದ ವಿಂಚೆಸ್ಟರ್ .405 ರೈಫಲ್. ಗುಂಡು 19.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಸಂವೇಗ = 0.0194 × 670, ಅಂದರೆ 13 ಕಿ.ಗ್ರಾಂ ಮೀ/ಸೆ. ನ್ಯೂಟನ್ನನ ಮೂರನೆಯ ನಿಯಮದಂತೆ ಕೋವಿಗೂ ಅಷ್ಟೇ ಸಂವೇಗ ಹಿಂದಕ್ಕೆ. ಕೋವಿ 4 ಕಿ.ಗ್ರಾಂ ಇದ್ದರೆ ಅದು ಸೆಕೆಂಡಿಗೆ 3.25 ಮೀಟರ್ ವೇಗದಲ್ಲಿ ಹೆಗಲಿಗೆ ಒದೆಯುತ್ತದೆ. (ಹೊರನುಗ್ಗುವ ಅನಿಲದ ಸಂವೇಗ ಸೇರಿಸಿದರೆ ಇನ್ನೂ ಹೆಚ್ಚು.) ಗುಂಡಿನ ಶಕ್ತಿ 4350 ಜೂಲ್, ಹೆಗಲಿಗೆ ಬರುವುದು ಸುಮಾರು 21 ಜೂಲ್. ಹೊಸಬ ಈ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಕುದುರೆ ಎಳೆಯುತ್ತಾನೆ, ಗುರಿ ತಪ್ಪುತ್ತಾನೆ. ಆದ್ದರಿಂದ ದೊಡ್ಡ ರೈಫಲ್ ಕೊಂಡವನೆಲ್ಲ ಒಳ್ಳೆಯ ಈಡುಗಾರನಾಗಲಿಲ್ಲ. ಮೊದಲ ಕೋವಿ ಒದೆತ ಕಡಿಮೆಯಿರುವಂಥದ್ದಾಗಿರಬೇಕು ಎಂಬ ಹಳಬರ ಬುದ್ಧಿಮಾತಿನಲ್ಲಿ ಇಷ್ಟು ವಿಜ್ಞಾನವಿದೆ.

ತಪ್ಪಿದ ಗುರಿಯ ಫಲ

ಗುರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ದಾಖಲೆ ಇರುವುದು ನಮ್ಮ ಸೀಮೆಯದಲ್ಲ, ಹಿಮಾಲಯದ ತಪ್ಪಲಿನ ಕುಮಾವೂನಿನದು. ಅದನ್ನು ಬರೆದ ಜಿಮ್ ಕಾರ್ಬೆಟ್ ಅವರ ಬಾಲ್ಯದ ಮೊದಲ ಕೋವಿ ಬಾಯಿಯಿಂದ ತುಂಬುವ ಜೋಡು ನಳಿಗೆಯದು. ಹೆಚ್ಚು ಮದ್ದು ತುಂಬಿದ್ದರಿಂದ ಅದರ ಒಂದು ನಳಿಗೆ ಸೀಳಿಹೋಗಿತ್ತು. ಹಿಡಿಯನ್ನು ಹಿತ್ತಾಳೆ ತಂತಿಯಿಂದ ಬಿಗಿದಿತ್ತು. ಉಳಿದ ಒಂದು ನಳಿಗೆ, ಒಂದು ಈಡು. ಆ ಹುಡುಗ ಕಾಡಿನಲ್ಲಿ ಸದ್ದಿಲ್ಲದೆ ಹತ್ತಿರ ಹೋಗುವುದನ್ನು ಕಲಿಯಲೇಬೇಕಾಯಿತು.

ಅದೇ ಕಾರ್ಬೆಟ್ 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಹೊಡೆದರು. 436 ಮಂದಿಯನ್ನು ಕೊಂದಿತ್ತೆಂದು ಹೇಳಲಾದ ಹೆಣ್ಣುಹುಲಿ ಅದು. ತಮ್ಮ ರೈಫಲ್‌ನ ಮೂರೂ ತೋಟಾ ಮುಗಿದಾಗ ಅವರು ತಹಸೀಲ್ದಾರರ ಹಳೆಯ ಕೋವಿಯನ್ನು ಕಸಿದುಕೊಂಡು ಓಡಿದರು. ಹತ್ತಿರ ಹೋದಮೇಲೆ ನೋಡಿದರೆ ನಳಿಗೆಗೂ ಅದರ ಹಿಂದಿನ ಭಾಗಕ್ಕೂ ನಡುವೆ ಸುಮಾರು ಒಂದು ಸೆಂ.ಮೀ. ಸಂದು! ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟ ಗುಂಡು ಪಂಜಕ್ಕೆ ಬಿತ್ತು. ಮೊದಲ ಗುಂಡುಗಳಿಂದಲೇ ಸಾಯುತ್ತಿದ್ದ ಹುಲಿ ಅಲ್ಲೇ ಉರುಳಿತು. ಆಮೇಲೆ ಪರೀಕ್ಷಿಸಿದಾಗ ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಗಾಯ ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರತ್ತ ತಿರುಗಿತು ಎಂದು ಕಾರ್ಬೆಟ್ ತೀರ್ಮಾನಿಸಿದರು. ಒಂದು ತಪ್ಪಿದ ಈಡಿಗೆ ನೂರಾರು ಜೀವ ತೆರಬೇಕಾಯಿತು.

ಕಾನೂನು ಬಂದ ದಾರಿ

ಕೋವಿಗಳು ಹೆಚ್ಚಿದಂತೆ ಪ್ರಾಣಿಗಳು ಕಡಿಮೆಯಾದವು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ತಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಮನುಷ್ಯರಿಗೆ ಅಪಾಯಕಾರಿಯಾದ ಪ್ರಾಣಿಯನ್ನು ಹೊಡೆಯಬೇಕಾದರೂ ಅಧಿಕಾರಿಯ ಲಿಖಿತ ಆದೇಶ ಬೇಕು.

1959ರ ಶಸ್ತ್ರಾಸ್ತ್ರ ಕಾಯಿದೆಯನ್ನು ಓದಿದರೆ ಒಂದು ಕುತೂಹಲದ ಅಂಶ ಕಾಣುತ್ತದೆ. ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿ. ಆತ್ಮರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ರೈಫಲ್ ಬೇಕೆಂದರೆ ಅಧಿಕಾರಿಗೆ ಒಪ್ಪಿಗೆಯಾಗುವ ಸಕಾರಣ. ಅಂದರೆ ನಾವು ಇದುವರೆಗೆ ನೋಡಿದ ಭೌತಶಾಸ್ತ್ರದ ಮೆಟ್ಟಿಲುಗಳನ್ನೇ ಕಾನೂನೂ ಬಳಸಿದೆ. ನಳಿಗೆಯ ಒಳಗಿನ ಸುರುಳಿ ಕಾನೂನಿನ ಗಡಿಯೂ ಆಗಿದೆ. ನೆರೆಯ ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಅದು ಕೋವಿ ಹೊಂದಲು ಸಿಕ್ಕ ವಿನಾಯಿತಿ, ಬೇಟೆಗಲ್ಲ.

ಹಾಗಾದರೆ ಇಂದು ಮೊದಲ ರೈಫಲ್ ಯಾವುದು?

ಗುರಿ ಹೊಡೆಯುವ ಆಸಕ್ತಿಯುಳ್ಳ ವಿದ್ಯಾರ್ಥಿ ಈ ಪ್ರಶ್ನೆ ಕೇಳಿದರೆ ಉತ್ತರ ಸ್ಪಷ್ಟ: ಏರ್ ರೈಫಲ್. ಮದ್ದಿನ ಬದಲು ಒತ್ತಿದ ಗಾಳಿ, 4.5 ಮಿ.ಮೀ. ವ್ಯಾಸದ ಸೀಸದ ಪೆಲೆಟ್. 2016ರ ನಿಯಮಗಳ ಪ್ರಕಾರ ಈ ಅಳತೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ವಿಂಚೆಸ್ಟರ್ .405ರ ಒದೆತವೇ ಈ ಮಿತಿಗಿಂತ ಹೆಚ್ಚಿತ್ತು ಎಂಬುದನ್ನು ನೆನಪಿಸಿಕೊಳ್ಳಿ. 10 ಮೀಟರ್ ಸ್ಪರ್ಧೆಯಲ್ಲಿ ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ ಕೇವಲ 7 ಜೂಲ್. ಬಾಣದ ಐದನೆಯ ಒಂದು ಭಾಗ! ಆದರೆ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನ ತಂದದ್ದು ಇಂಥ ರೈಫಲ್‌ನಿಂದಲೇ.

ಒಂದು ಎಚ್ಚರಿಕೆ ಅಗತ್ಯ. ಏರ್ ರೈಫಲ್ ಆಟಿಕೆಯಲ್ಲ, ಕಣ್ಣು ಕಳೆಯಬಲ್ಲದು. ಅದರಿಂದ ಗುಬ್ಬಿ, ಅಳಿಲುಗಳನ್ನು ಹೊಡೆಯುವುದೂ ಸಲ್ಲದು. ಕಲಿಯಬೇಕೆನ್ನುವವರು ರೈಫಲ್ ಕ್ಲಬ್‌ನಲ್ಲಿ ತರಬೇತುದಾರರ ಬಳಿ ಕಲಿಯಬೇಕು.

ಆ್ಯಂಡರ್ಸನ್ ಕರಡಿಗಾಗಿ ರಾತ್ರಿಯೆಲ್ಲ ಕಾದಿದ್ದ ಅರಸೀಕೆರೆಯ ಸೀಮೆಯಲ್ಲಿ ಇಂದು ಕರಡಿಗಳಿಗೆಂದೇ ಒಂದು ವನ್ಯಜೀವಿಧಾಮವಿದೆ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಮುಂದಿನ ಸಲ ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋದಾಗ ಬಿಲ್ಲೆತ್ತಿದ ಮದನಿಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವಳ ಬಾಣಕ್ಕೆ ಗರಿ ಏಕೆ ಬೇಕು ಎಂದು ಮಕ್ಕಳನ್ನು ಕೇಳಿ. ಬುಗುರಿಯವರೆಗೆ ಅವರು ತಾವಾಗಿಯೇ ಬಂದರೆ ಪಾಠ ಮುಗಿದಂತೆ.